ಹಸಿರು ಬಕೆಟ್ಟು, ಅವ್ವನ ತಿಪ್ಪಿ

ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ ಇಡ್ರಿ ಅಂತ ರಾಯಚೂರಿನ ಓಣಿ ಓಣಿ ತಿರುಗಿ ಹೇಳೋದು ನನ್ನ ಕೆಲಸ. ಹಸಿದನ್ನ ಕೊಳಿಸಿ ಗೊಬ್ಬರ ಮಾಡ್ತಾರ. ನಗೋ ಪ್ರಸಂಗ ನಾ ಹುಡುಕ್ಕೊಂಡು ಹೋಗಂಗಿಲ್ಲ, ಬಾಗಿಲಾಗ ಅವೇ ನಿಂತಿರ್ತಾವ.

೧. ಬಕೆಟ್ಟು

ಕಸಕ್ಕಂತ ಮನಿಗೊಂದು ಹಸಿರು ಬಕೆಟ್ಟು ಹಂಚಿದ್ವಿ. ವಾರ ಬಿಟ್ಟು ಹೋದ್ರ ಒಬ್ಬ ಅಕ್ಕ ಹಳೇ ತಗಡಿನ ಡಬ್ಬಿಯೊಳಗ ಕಸ ತಂದ್ಲು.

“ಬಕೆಟ್ಟು ಎಲ್ಲದ್ರೀ?”

“ಜ್ವಾಳದ ಹಿಟ್ಟು ತುಂಬೀನಿ. ಅಂಥಾ ಚಂದದ ಬಕೆಟ್ಟಿಗೆ ಯಾರರೆ ಕಸ ಹಾಕ್ತಾರೇನವ್ವಾ? ಬುದ್ಧಿ ಅದನೋ ಇಲ್ಲೋ ನಿನಗ?”

೨. ರೊಟ್ಟಿ ಚೀಲ

ಇನ್ನೊಂದು ಓಣ್ಯಾಗ ಒಬ್ಬ ಖಾಲಾ ಸಿಪ್ಪಿ ಎಲ್ಲಾ ಕೊಟ್ಲು, ಒಣ ರೊಟ್ಟಿ ಮಾತ್ರ ಕೊಡ್ಲಿಲ್ಲ. “ರೋಟಿ ಕಚ್ರೇ ಮೇಂ? ರೊಟ್ಟಿ ಕಸದಾಗ ಹಾಕ್ತಾರೇನು? ತೋಬಾ ತೋಬಾ! ಎಮ್ಮಿಗೆ ಹಾಕು” ಅಂತ ಚೀಲ ನನ್ನ ಕೈಯಾಗ ಇಟ್ಲು. ಒಂದು ಎಮ್ಮಿ ವಾಸನಿ ಹಿಡಿದು ಮೂರು ಓಣಿ ನನ್ನ ಬೆನ್ನು ಹತ್ತಿತು. ಅವತ್ತು ಇಡೀ ವಾರ್ಡಿನಾಗ ನಾ ಹೇಳಿದಂಗ ಕೇಳಿದ್ದು ಅದೊಂದೇ.

೩. ನಮ್ಮವ್ವ

ಅವ್ವ ನಮ್ಮೂರು ಗಬ್ಬೂರಿನ ಹೊಲ, ಮನಿ ಮಾರಿ ನನ್ನ ಜೋಡಿ ಇರಾಕ ಬಂದಾಳ. ಅಲ್ಲಿ ಹಿತ್ತಲದಾಗ ತಿಪ್ಪಿ ಇತ್ತು. ಸಗಣಿ, ಒಲಿ ಬೂದಿ, ಬದ್ನಿಕಾಯಿ ತೊಟ್ಟು, ಎಲ್ಲಾ ಅಲ್ಲಿಗೇ. ಇಲ್ಲಿ ಮಹಡಿ ಮನ್ಯಾಗ ಸಿಪ್ಪಿ ಹಿಡಕೊಂಡು ಎಲ್ಲಿ ಹಾಕ್ಲಿ ಅಂತ ನಿಂತುಬಿಡ್ತಾಳ. ನನಗೂ ಸಂಕಟ ಆಗ್ತದ. ಊರು ನೆನಪಾದ್ರ ನನಗೂ ಮೊದ್ಲು ಬರೋದು ಆ ತಿಪ್ಪಿ ವಾಸನಿನೇ. ಯಾರ ಮುಂದ ಹೇಳ್ಲಿ!

ಒಂದಿನ ನಮ್ಮ ಆಫೀಸಿನ ಸಾಹೇಬ್ರು, “ಮಂದಿಗೆ ಹೇಳೋರ ಮನಿ ಮೊದ್ಲು ನೋಡೂಣು” ಅಂತ ನಮ್ಮ ಮನಿಗೇ ಬಂದ್ರು. ನಮ್ಮ ಹಸಿರು ಬಕೆಟ್ಟು ತೊಳೆದಿಟ್ಟಂಗ ಖಾಲಿ!

“ನೀವು ಅಡಿಗಿನೇ ಮಾಡಂಗಿಲ್ಲೇನ್ರಿ?” ಅಂದ್ರು. ನನ್ನ ಮಾನ ಹೋತು.

“ಯವ್ವಾ, ಹಸಿ ಕಸ ಎಲ್ಲದ ಬೇ?” ಅಂತ ಅವ್ವನ್ನ ಕೇಳಿದೆ.

“ಗಬ್ಬೂರಾಗ.”

ನಾ ಕೆಲಸಕ್ಕ ಹೋದ ಮ್ಯಾಲ ಸೋಮವಾರಕ್ಕೊಮ್ಮೆ ವಾರದ ಕಸ ಎಲ್ಲಾ ಚೀಲಕ್ಕ ತುಂಬಿಕೊಂಡು ಗಬ್ಬೂರಿನ ಬಸ್ಸು ಹತ್ತತಾಳಂತ. ಹೆಣ್ಮಕ್ಕಳಿಗೆ ಬಸ್ಸು ಫ್ರೀ ಅದಲ್ಲ!

“ಅದೆಲ್ಲ ಮಾರೀವಲ್ಲ ಬೇ!”

“ಹೊಲ ಮಾರೀವಿ, ಮನಿ ಮಾರೀವಿ. ತಿಪ್ಪಿ ಮಾರೀವಿ ಅಂತ ಕಾಗದದಾಗ ಎಲ್ಲಿ ಬರ್ದಾರ, ತೋರ್ಸು.”

ಸಾಹೇಬ್ರು ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ, ನಗ್ತಾ ನಗ್ತಾ ಕಣ್ಣಾಗ ನೀರು ಬಂತು.

ಮುಂದಿನ ಸೋಮವಾರ ರಜಾ ಹಾಕಿ ನಾನೂ ಹೊಂಟೆ. ಅವ್ವನ ಕೈಯಾಗೊಂದು ಚೀಲ, ನನ್ನ ಕೈಯಾಗೊಂದು. ಕಂಡಕ್ಟರ್ ಮೂಗು ಮುಚ್ಚಿಕೊಂಡು, “ಯವ್ವಾ, ಏನದ ಇದ್ರಾಗ?” ಅಂದ.

“ಮಗಳು ತವರಿಗೆ ಹೊಂಟಾಳಪ್ಪಾ,” ಅಂದ್ಲು ಅವ್ವ. “ಖಾಲಿ ಕೈಲೆ ಹೋಗ್ತಾರೇನು?”