ಕದಿರು ಕಟ್ಟಿಸಿಕೊಂಡ ರೋಬೋ

ನಮ್ಮ ಮಾವ ಯಂತ್ರಗಳನ್ನೆಲ್ಲ ಬಹುವಚನದಲ್ಲಿ ಕರೆಯುತ್ತಾರೆ. ಮನುಷ್ಯರಿಗಾದರೆ, ಯೋಗ್ಯತೆ ನೋಡಿ ಆಮೇಲೆ ಕೊಡುತ್ತಾರೆ!

ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದಾಗ ಗ್ರೈಂಡರಿನ ಕ್ಷೇಮ ವಿಚಾರಿಸದೆ ಅವರು ಸ್ವಿಚ್ಚು ಒತ್ತಿದವರಲ್ಲ. ಗಿರಾಕಿಗಳು ನಗುತ್ತಿದ್ದರು, ಇಡ್ಲಿ ಮಾತ್ರ ಮೃದುವಾಗಿ ಬರುತ್ತಿತ್ತು. ಎರಡಕ್ಕೂ ಸಂಬಂಧ ಉಂಟೋ ಇಲ್ಲವೋ, ತಿಳಿದವರು ತೀರ್ಮಾನಿಸಲಿ.

ಈಗ ಅವರ ವಾಸ ಮರವಂತೆಯಲ್ಲಿ. ಅಲ್ಲಿ ಗಾಳಿ ದಿನಾ ಒಂದಿಷ್ಟು ಕಡಲ ತೀರವನ್ನು ತಂದು ಚಾವಡಿಯಲ್ಲಿ ಸುರಿದು ಹೋಗುತ್ತದೆ. ಅತ್ತೆ ಅದನ್ನು ಗುಡಿಸಿ ವಾಪಸು ಕಳಿಸುತ್ತಿದ್ದರು. ಪಾರ್ಶ್ವವಾಯು ಬಡಿದ ಮೇಲೆ ಅವರ ಮಾತೂ ನಿಂತಿತು, ಕೈಕಾಲೂ ನಿಂತವು. ಕಣ್ಣು ತೆರೆದಿರುತ್ತದೆ, ಒಳಗೆ ಅರಿವು ಎಷ್ಟಿದೆ ಎಂದು ಡಾಕ್ಟರರಿಗೂ ಹೇಳಲಾಗಲಿಲ್ಲ. ಬ್ರಹ್ಮಾವರದಲ್ಲಿರುವ ಅತ್ತೆಯ ತಮ್ಮನಿಗೆ ಮಾತ್ರ ಲವಲೇಶವೂ ಸಂಶಯವಿಲ್ಲ.

"ಅಕ್ಕನಿಗ್ ಎಂತದೂ ಗೊತ್ತಾತಿಲ್ಲೆ ಭಾವ. ಅಂಥವ್ರನ್ನ್ ನೋಡ್ಕಂಬ ಆಸ್ಪತ್ರೆ ಇತ್ತ್. ಅಲ್ಲೇ ಬಿಡುವ."

ಮಾವ ಮುಂಬೈಗೆ ಫೋನು ಮಾಡಿ ಕಸ ಗುಡಿಸುವ ರೋಬೋ ತರಿಸಿದರು!

ಬಂದದ್ದು ದೋಸೆ ಕಾವಲಿಯನ್ನು ಮಗುಚಿ ಹಾಕಿದಂಥ ಒಂದು ಪ್ರಾಣಿ. ಕುರ್ಚಿಯ ಕಾಲಿಗೆ ಢಿಕ್ಕಿ ಹೊಡೆಯುವುದು, ತಪ್ಪಾಯಿತು ಎಂಬಂತೆ ಹಿಂದೆ ಸರಿಯುವುದು, ಚಾರ್ಜು ಇಳಿದಾಗ ಗೋಡೆಯ ಬದಿಯ ಗೂಡಿಗೆ ತಾನಾಗಿಯೇ ಮರಳುವುದು. "ಹೊಟ್ಟಿ ಹಶುದ್ದ್ ಇವ್ರಿಗ್ ಗೊತ್ತಾತ್ತ್, ಕಾಣ್," ಎಂದು ಮಾವ ನನಗೆ ತೋರಿಸಿದರು. ಹೊಟ್ಟೆಯೇ ಇಲ್ಲದವರಿಗೆ ಹಸಿವು ಹೇಗೆ ಎಂದು ಕೇಳಿದೆ. ಹೊಟ್ಟೆ ಇದ್ದೂ ಹಸಿವು ಹೇಳಲಾಗದವರು ಒಳಕೋಣೆಯಲ್ಲಿ ಇಲ್ಲವೇ ಎಂದರು.

ಅಷ್ಟರಲ್ಲಿ ಹೊಸ್ತು ಬಂತು. ಹೊಸ ಅಕ್ಕಿಯ ಊಟ. ಅಂದು ಬಾಗಿಲು, ಬಾವಿಕಟ್ಟೆ, ಸ್ಕೂಟರು ಎಲ್ಲದಕ್ಕೂ ಭತ್ತದ ತೆನೆ, ಅಂದರೆ ಕದಿರು ಕಟ್ಟುವುದು ಪದ್ಧತಿ. ರೋಬೋವನ್ನು ಬಿಡಲಾದೀತೇ? ಕಟ್ಟಲು ಕೊಂಬಿಲ್ಲ, ಬಾಲವಿಲ್ಲ. ಮಾವ ಶಾಸ್ತ್ರೋಕ್ತವಾಗಿ ಗಮ್ ಟೇಪು ಹಾಕಿ ಅಂಟಿಸಿದರು.

ಅತ್ತೆಯ ತಮ್ಮ ಕಾರಿನಲ್ಲೇ ಬಂದಿದ್ದರು. ಊಟವಾದ ಕೂಡಲೇ ಅಕ್ಕನನ್ನು ಕರೆದೊಯ್ಯುವುದೆಂದು ಅವರ ಹಟ. ಹೊಸ್ತು ಉಂಡ ಮೇಲೆ ಮಾತಾಡುವ ಎಂದು ಮಾವನ ವಾಯಿದೆ.

ಎಲೆ ಹಾಕುವ ಹೊತ್ತಿಗೆ ರೋಬೋ ಒಳಕೋಣೆಗೆ ನುಗ್ಗಿ, ಅತ್ತೆಯ ಹೊದಿಕೆಯ ಅಂಚಿಗೆ ಸಿಕ್ಕಿಕೊಂಡು, ಮಂಚದಡಿಯಿಂದ ಕೀಂ ಕೀಂ ಎಂದು ಗೋಳಿಟ್ಟಿತು. ಮೊದಲು ಓಡಿದವರು ಯಾರು? ಅತ್ತೆಯ ತಮ್ಮ! ಇಸ್ತ್ರಿ ಹಾಕಿದ ಪಂಚೆಯಲ್ಲೇ ಮಂಡಿಯೂರಿ, "ಪಾಪ, ಸಿಕ್ಕಿ ಬಿದ್ದಿತ್ ಕಾಣಿ," ಎನ್ನುತ್ತ ಅದನ್ನು ಬಿಡಿಸಿದರು.

ಮಾವ ಬಾಗಿಲಲ್ಲಿ ನಿಂತಿದ್ದರು.

"ಅವ್ರಿಗ್ ಎಂತದೂ ಗೊತ್ತಾತಿಲ್ಲೆ ಅಲ್ದಾ ಮಾರಾಯ? ಮತ್ತೆ ಪಾಪ ಅಂದದ್ದ್ ಎಂತಕೆ?"

ಅತ್ತೆಯ ತಮ್ಮ ಪಂಚೆಯ ಮರಳು ಕೊಡವಿಕೊಂಡರು.

ಹೊಸ್ತಿನ ಮೊದಲ ತುತ್ತಿಗೆ ಮುನ್ನ, ಉಣ್ಣುತ್ತೇನೆ ಎಂದು ಹೇಳಿ ಹಿರಿಯರಿಂದ ಹೂಂ ಅನ್ನಿಸಿಕೊಳ್ಳಬೇಕು. ಅತ್ತೆಯ ತಮ್ಮ ಎಲೆಯ ಮುಂದೆ ಕೂತು, ಹೊಸ್ತ್ ಉಂತೆ ಭಾವ ಎಂದರು. ಮಾವ ಹೂಂ ಅನ್ನಲಿಲ್ಲ. ಒಳಕೋಣೆಯತ್ತ ಮುಖ ತಿರುಗಿಸಿ, ನಿನ್ನ ಮನೆತನದ ಹಿರಿಯರು ಅಲ್ಲಿದ್ದಾರೆ, ಮೊದಲು ಅಲ್ಲಿ ಕೇಳು ಎಂದರು.

ಅವರು ಎದ್ದು ಹೋದರು. ಅಕ್ಕಾ, ಹೊಸ್ತ್ ಉಂತೆ ಎಂದದ್ದು ನಮಗೆ ಕೇಳಿಸಿತು. ಅನ್ನ ಆರಿತು, ಪಾಯಸ ಕೆನೆಗಟ್ಟಿತು. ಕಡೆಗೆ ಮಾವನೇ ಕರೆಯಲು ಹೋದರು, ಹಿಂದೆ ನಾನು. ಅತ್ತೆಯ ತಮ್ಮ ಮಂಚದ ಪಕ್ಕ ಕೂತು ಅಕ್ಕನ ಕೈ ಹಿಡಿದಿದ್ದರು. ನಮ್ಮತ್ತ ತಿರುಗಲೂ ಇಲ್ಲ.

"ನಿಲ್ಲಿ ಭಾವ. ಅಕ್ಕ ಇನ್ನೂ ಹೂಂ ಅಂದಿಲ್ಲೆ."