ಅತ್ತಿಗೆ ಮತ್ತು ಏಳೂ ಕಾಲರ ಬಸ್ಸು

ಗುರುವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ನನ್ನ ಅಡುಗೆಮನೆಯಲ್ಲಿ ದಿನವೂ ಇರುವುದೆಲ್ಲ ಇತ್ತು. ಕಾವಲಿಯ ಮೇಲೆ ನೀರುದೋಸೆ, ಪಕ್ಕದ ಒಲೆಯಲ್ಲಿ ಉಕ್ಕಲು ಹೊಂಚು ಹಾಕುತ್ತಿರುವ ಹಾಲು, ಕಿಟಕಿಯ ಸರಳಿನಲ್ಲಿ ಒದ್ದೆ ಕೈಬಟ್ಟೆ, ‘ಇನ್ನೊಂದು ಸಾಕ್ಸ್ ಎಲ್ಲಿ?’ ಎಂದು ಗೋಡೆಗಳನ್ನು ವಿಚಾರಿಸುತ್ತಿರುವ ಗಂಡ. ಮತ್ತು ಸರಿಯಾಗಿ ಆರೂ ನಲವತ್ತಕ್ಕೆ ಹೊಡೆದುಕೊಳ್ಳುವ ಫೋನು.

“ನಿನ್ನೆ ನಿನಗೆ ಎಲ್ಲಿಗಾದ್ರೂ ಹೋಗ್ಲಿಕ್ಕೆ ಇತ್ತಾ?”

ಇವರು ನನ್ನ ಅತ್ತಿಗೆ, ಗಂಡನ ಅಕ್ಕ. ಹಲೋ ಇಲ್ಲ, ಸೌಖ್ಯವಾ ಇಲ್ಲ.

“ಇರ್ಲಿಲ್ಲ.”

“ಇತ್ತು, ಆದ್ರೆ ಹೋಗ್ಲಿಕ್ಕೆ ಆಗ್ಲಿಲ್ಲ ಅಂತಲಾ? ಇರ್ಲೇ ಇಲ್ಲ ಅಂತಲಾ? ಸರಿಯಾಗಿ ಹೇಳು.”

“ಇರ್ಲೇ ಇಲ್ಲ!”

“ಆಯ್ತು. ಇವತ್ತು ಮಣಿಪಾಲದಲ್ಲಿ ಬಸ್ಸು ಮಾರ್ಗದ ಸಭೆ ಉಂಟು. ನಿಮ್ಮ ಕಡೆಯ ಹೆಂಗಸರನ್ನು ಕರ್ಕೊಂಡು ಹೋಗ್ಲಿಕ್ಕೆ ಒಂಬತ್ತಕ್ಕೆ ಓಮ್ನಿ ತರ್ತೇನೆ. ನೀನೂ ಹೊರಡು.”

“ನಂಗೆ ಆಗುದಿಲ್ಲ ಅತ್ತಿಗೆ.”

“ಹೋಗ್ಲಿಕ್ಕೆ ಆಗ್ಲಿಲ್ಲ ಅಂತ ಬರ್ಕೊಳ್ಳಲಾ?”

ಕನ್ನಡ ಶಾಲೆಗೆ ಹೋದವಳಾಗಿದ್ದರೆ ಆಗಲೇ ಏನಾದರೂ ಹೇಳಿಬಿಡುತ್ತಿದ್ದೆ. ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಮೊಣಕಾಲು ಜೋಡಿಸಿ ಕೂತವಳು, ‘ಇಡ್ತೇನೆ ಅತ್ತಿಗೆ, ದೋಸೆ ಉಂಟು’ ಎಂದು ಮೆಲ್ಲಗೆ ಇಟ್ಟೆ. ದೋಸೆ ಅಷ್ಟರಲ್ಲಿ ಡಾಮರಿನ ಬಣ್ಣಕ್ಕೆ ತಿರುಗಿತ್ತು!

ಕರ್ನಾಟಕದ ಯಾವ ರಸ್ತೆಯ ಅಪ್ಪ ಯಾರು, ಅಮ್ಮ ಯಾರು, ಅದಕ್ಕೆ ಊಟ ಹಾಕುವವರು ಯಾರು, ಉಪವಾಸ ಕೆಡವಿದವರು ಯಾರು ಎಂಬುದನ್ನು ಪೂರ್ತಿ ಬಲ್ಲವರು ಇಬ್ಬರೇ ಇರಬಹುದು. ಒಬ್ಬರು ವಿಧಾನಸೌಧದಲ್ಲಿದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ. ಇನ್ನೊಬ್ಬರು ಕಾರ್ಕಳದಲ್ಲಿದ್ದಾರೆ, ನನ್ನ ಅತ್ತಿಗೆ! ರಸ್ತೆ ಇಲಾಖೆಯ ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ. ‘ಯಾಕೆ?’ ಎಂದು ಯಾರಾದರೂ ಕೇಳಿದರೆ, ‘ಅಂದಾಜು ಪಟ್ಟಿಯಲ್ಲಿ ಇತ್ತು, ಟೆಂಡರ್ ಆಗ್ಲಿಲ್ಲ’ ಎನ್ನುತ್ತಾರೆ.

ಬೇರೆಯವರ ಮನೆಯಲ್ಲಿ ಕ್ರಿಕೆಟ್ ಫೈನಲ್ ಇದ್ದ ಹಾಗೆ ಅತ್ತಿಗೆಯ ಮನೆಯಲ್ಲಿ ರಾಜ್ಯ ಬಜೆಟ್. ಇಸ್ತ್ರಿ ಹಾಕಿದ ಸೀರೆ ಉಟ್ಟು, ಫ್ಲಾಸ್ಕಿನಲ್ಲಿ ಚಹಾ ತುಂಬಿಸಿ, ಟಿವಿಯ ಎದುರು ಪೆನ್ಸಿಲ್ ಹಿಡಿದು ಕೂರುತ್ತಾರೆ. ನೀರಾವರಿ, ಆರೋಗ್ಯ ಎಂದೆಲ್ಲ ಓದುವಾಗ ಹಪ್ಪಳ ತಿನ್ನುತ್ತಾರೆ. ‘ಲೋಕೋಪಯೋಗಿ’ ಎಂದದ್ದೇ ತಡ, ಹಪ್ಪಳ ಕೆಳಗೆ! ಒಂದು ವರ್ಷದ ಬಜೆಟ್ಟಿಗೆ ನಾನೂ ಪಕ್ಕದಲ್ಲೇ ಕೂತಿದ್ದೆ. ಕರಾವಳಿಯ ಹೆಸರು ಬಂದಾಗ ಖುಷಿಯಿಂದ ಚಪ್ಪಾಳೆ ತಟ್ಟಿದೆ. ಅತ್ತಿಗೆ ನನ್ನನ್ನು ಪಾಪ ಎಂಬಂತೆ ನೋಡಿದರು.

“ಏ ಹುಡುಗಿ, ಭಾಷಣದಲ್ಲಿ ಬಂದದ್ದೆಲ್ಲ ಟೆಂಡರಿಗೆ ಬರುದಿಲ್ಲ. ಟೆಂಡರಿಗೆ ಬಂದದ್ದೆಲ್ಲ ಡಾಮರಿಗೆ ಬರುದಿಲ್ಲ. ಡಾಮರಿಗೆ ಬಂದದ್ದೆಲ್ಲ ಮಳೆಗಾಲ ದಾಟುದಿಲ್ಲ. ಚಪ್ಪಾಳೆ ಅಕ್ಟೋಬರಿನಲ್ಲಿ ತಟ್ಟುವ.”

ಇವರನ್ನು ಕಾರಿನಲ್ಲಿ ಕೂರಿಸಿ ಕಣ್ಣಿಗೆ ಕರ್ಚೀಫು ಕಟ್ಟಿದರೆ, ಕಾರ್ಕಳದಿಂದ ಮಣಿಪಾಲದವರೆಗೆ ಕುಲುಕಾಟದಿಂದಲೇ ರಸ್ತೆಯ ಜಾತಕ ಹೇಳುತ್ತಾರೆ. ಒಮ್ಮೆ ಮದುವೆಯೊಂದಕ್ಕೆ ಹೋಗುವಾಗ ನನ್ನ ಗಂಡ ಪಂತ ಕಟ್ಟಿ ಪರೀಕ್ಷೆ ಮಾಡಿಯೇಬಿಟ್ಟರು.

“ಈಗ ರಾಜ್ಯದ್ದು,” ಎಂದರು ಅತ್ತಿಗೆ. ಹೌದು! “ಈಗ ಕೇಂದ್ರದ್ದು.” ಹೌದು! “ಈಗ ತಿರುಗಿದಿ ಅಲ್ವಾ? ಇದು ಪಂಚಾಯತಿನದ್ದು.” ಅದೂ ಹೌದು! ಆಮೇಲೆ ಕಾರು ಒಂದು ಹೊಂಡಕ್ಕೆ ಇಳಿದು ನಮ್ಮೆಲ್ಲರ ತಲೆ ಕಾರಿನ ಮಾಡಿಗೆ ಬಡಿಯಿತು. ಅತ್ತಿಗೆ ಕಣ್ಣುಪಟ್ಟಿಯೊಳಗಿಂದಲೇ ಶಾಂತವಾಗಿ, “ಇದು ಯಾರದ್ದೂ ಅಲ್ಲ,” ಎಂದರು.

ನನ್ನ ಗಂಡ ಮದುವೆ ಮನೆಯಲ್ಲೆಲ್ಲ ಇದನ್ನು ಹೇಳಿಕೊಂಡು ತಿರುಗಿದರು. ನಾನು ಆ ದಿನ ಹೊಸ ಮೈಸೂರು ಸಿಲ್ಕ್ ಉಟ್ಟಿದ್ದೆ. ಅದರ ಬಗ್ಗೆ ಯಾರಾದರೂ ಒಂದು ಮಾತು ಆಡಬೇಕಲ್ಲ!

ಈಗ ನಿಮಗೆ ಗೊತ್ತಾಗಿರಬಹುದು. ಹೌದು, ನನಗೆ ಅತ್ತಿಗೆಯ ಮೇಲೆ ಹೊಟ್ಟೆಕಿಚ್ಚು. ಸಣ್ಣದಲ್ಲ. ಒಮ್ಮೆ ನಮ್ಮಲ್ಲಿ ಊಟಕ್ಕೆ ಕೂತು ಸರ್ಕಾರ ದುಡ್ಡು ಹಂಚುವ ಕ್ರಮವನ್ನು ನಾನೇ ಮಾಡಿದ ಅಂಜಲ್ ಮೀನಿನ ಗಸಿಯಲ್ಲಿ ವಿವರಿಸಿದರು. “ದೊಡ್ಡ ತುಂಡು ಹೆದ್ದಾರಿಗೆ, ಅದು ನೆಂಟರ ಹಾಗೆ, ನಾಲ್ಕು ಜನ ನೋಡ್ತಾರೆ. ನಡುವಿನ ತುಂಡು ಜಿಲ್ಲೆಯ ರಸ್ತೆಗೆ. ಹಳ್ಳಿ ರಸ್ತೆ ಉಂಟಲ್ಲ, ಅದು ಅಡುಗೆ ಮಾಡಿದವಳು. ಅವಳಿಗೆ ಗಸಿ ಮಾತ್ರ. ಹೊಸ ರಸ್ತೆಗಾದ್ರೆ ರಿಬ್ಬನ್ ಉಂಟು. ಹೊಂಡ ಮುಚ್ಚುದಕ್ಕೆ ರಿಬ್ಬನ್ ಇಲ್ಲ. ರಿಬ್ಬನ್ ಇಲ್ಲದ ಕೆಲ್ಸದ ಪಾಳಿ ಯಾವಾಗ್ಲೂ ಕಡೆಗೆ.”

“ಎಂಥ ಮಾತು ಅಕ್ಕಾ!” ಎಂದು ನನ್ನ ಗಂಡ ತಲೆದೂಗಿದರು. ನಾನು ಹದಿನೆಂಟು ವರ್ಷಗಳಿಂದ ಇದನ್ನೇ ಹೇಳುತ್ತಿದ್ದೇನೆ. ನಾನು ಹೇಳಿದರೆ ಅದು ಗೊಣಗಾಟ, ಅತ್ತಿಗೆ ಹೇಳಿದರೆ ಅರ್ಥಶಾಸ್ತ್ರ! ಎಲ್ಲರೂ ತಲೆದೂಗಿ ಎದ್ದ ಮೇಲೆ ನನ್ನ ಬಟ್ಟಲಿಗೆ ಎಂತ ಉಳಿದಿತ್ತು, ನೀವೇ ಹೇಳಿ.

ಕಾರ್ಕಳದಲ್ಲಿ ಅವರ ಮನೆಯ ಎದುರಿಗೇ ಬಸ್ಸು ನಿಲ್ಲುತ್ತದೆ. ಕೈ ತೋರಿಸಿದರೆ ಬಸ್ಸು, ಕೈ ಕೆಳಗಿಟ್ಟರೂ ಬಸ್ಸು. ಆದರೆ ಅತ್ತಿಗೆ ಹತ್ತಬೇಕಲ್ಲ! ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾದ ಮೇಲೆ ಘಟ್ಟದ ಮೇಲಿನವರು ದೇಶ ಸುತ್ತುತ್ತಿದ್ದಾರೆ. ನಮ್ಮ ಕರಾವಳಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅತ್ತಿಗೆ ಫ್ಲಾಸ್ಕ್ ಹಿಡಿದು ಸರ್ಕಾರಿ ಬಸ್ಸಿಗೇ ಕಾಯುತ್ತಾರೆ. ಖಾಸಗಿ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು, “ಅಕ್ಕಾ, ಬಲೆ ಬಲೆ, ಬನ್ನಿ! ಸೀಟು ಉಂಟು!” ಎಂದು ಕರೆದರೆ, “ನೀನು ಹೋಗು ಮಾರಾಯ. ನನ್ನ ತೆರಿಗೆಯ ಬಸ್ಸು ಹಿಂದಿನಿಂದ ಬರ್ತಾ ಉಂಟು,” ಎನ್ನುತ್ತಾರೆ. ಹಾಗೆ ಆರು ಬಸ್ಸು ಹೋಗುತ್ತವೆ. ಏಳನೆಯದರ ಕಂಡಕ್ಟರು ಇಳಿದು ಬಂದು ಅವರ ಫ್ಲಾಸ್ಕಿನ ಚಹಾ ಕುಡಿದು ಹೋಗುತ್ತಾನೆ. ಬೀದಿಯೆಲ್ಲ ಅವರಿಗೆ ‘ಬಜೆಟ್ ಅಕ್ಕ’ ಎಂದು ಕೈ ಬೀಸುತ್ತದೆ.

ಹೋದ ವರ್ಷ ಅವರ ಮನೆಯ ಎದುರಿನ ರಸ್ತೆಗೆ ಹೊಸ ಡಾಮರು ಬಿತ್ತು. ನಡುವೆ ಬಿಳಿ ಗೆರೆ, ಬದಿಯಲ್ಲಿ ಹಳದಿ ಗೆರೆ, ಗೆರೆಯ ಮೇಲೆ ಹೊಳೆಯುವ ಪುಟ್ಟ ಬೆಕ್ಕಿನ ಕಣ್ಣುಗಳು. ಒಬ್ಬರ ಒಡವೆ ಕಂಡು ನನಗೆ ಹೊಟ್ಟೆ ಉರಿದದ್ದಿಲ್ಲ. ಆ ಬಿಳಿ ಗೆರೆ ಕಂಡು ಉರಿಯಿತು! ಮುಂದಿನ ಪಾಪನಿವೇದನೆಯಲ್ಲಿ ಹೇಳಿಯೇಬಿಟ್ಟೆ.

“ಅತ್ತಿಗೆಯ ಮೇಲೆ ಹೊಟ್ಟೆಕಿಚ್ಚು ಫಾದರ್.”

“ಯಾಕೆ ಮಗಳೇ?”

“ಅವರ ಮನೆ ಎದುರು ಬಿಳಿ ಗೆರೆ ಎಳೆದಿದ್ದಾರೆ.”

ಜಾಲರಿಯ ಆಚೆಯಿಂದ ಒಂದು ನಿಟ್ಟುಸಿರು. “ನಮ್ಮ ಇಗರ್ಜಿಯ ಎದುರೂ ಎಳೆದಿಲ್ಲ ಮಗಳೇ.”

ನಗಬೇಡಿ. ನಮ್ಮ ಮನೆ ಕಾಪುವಿನಿಂದ ನಾಲ್ಕು ಕಿಲೋಮೀಟರ್ ಒಳಗೆ. ಸಂಜೆಯ ಕೊನೆಯ ಬಸ್ಸು ಐದೂವರೆಗೆ ಪೇಟೆಯಿಂದ ಬಂದು ತಿರುಗಿ ಹೋದರೆ ಮತ್ತೆ ಬೆಳಿಗ್ಗೆಯೇ. ಇಗರ್ಜಿ ಇರುವುದು ಪೇಟೆಯ ಬದಿಯಲ್ಲಿ. ಗುರುವಾರ ಆರರಿಂದ ಏಳರವರೆಗೆ ಅಲ್ಲಿ ಗಾಯನ ಮಂಡಳಿಯ ಅಭ್ಯಾಸ. ನಾನು ಎರಡನೆಯ ಸಾಲಿನಲ್ಲಿ, ಹಾರ್ಮೋನಿಯಂನ ಎಡಕ್ಕೆ, ಕೆಳಸ್ವರದಲ್ಲಿ ಹಾಡುತ್ತಿದ್ದೆ. ಕೆಳಸ್ವರ ಯಾರಿಗೂ ಬೇರೆಯಾಗಿ ಕೇಳುವುದಿಲ್ಲ. ಅದು ಇಲ್ಲದಿದ್ದರೆ ಮಾತ್ರ ಹಾಡು ತೆಳ್ಳಗಾಗುತ್ತದೆ. ಜೊತೆಗೆ ಬರುತ್ತಿದ್ದವರು ಊರು ಬಿಟ್ಟ ಮೇಲೆ ಕತ್ತಲಲ್ಲಿ ನಾಲ್ಕು ಕಿಲೋಮೀಟರ್ ಒಬ್ಬಳೇ ಹೇಗೆ ಬರುವುದು? ಗಂಡ ಮಣಿಪಾಲದಿಂದ ಬರುವಾಗ ಎಂಟು. ರಿಕ್ಷಾದವರು ‘ಮರಳಿ ಬರುವಾಗ ಖಾಲಿ ಅಮ್ಮಾ’ ಎಂದು ಮುಖ ತಿರುಗಿಸುತ್ತಾರೆ. ಎರಡು ವರ್ಷದ ಹಿಂದೆ ಬಿಟ್ಟುಬಿಟ್ಟೆ. ದೋಸೆ ಎರೆಯುವಾಗ ಗುನುಗುವುದು ಕೂಡ ಅದರ ಹಿಂದೆಯೇ ಹೋಯಿತು. ಅದು ಎಲ್ಲಿಗೆ ಹೋಯಿತೋ, ಅದಕ್ಕೆ ಯಾವ ಬಸ್ಸು ಸಿಕ್ಕಿತೋ!

ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಯ ಮೂಲೆಯಲ್ಲಿ ಇಬ್ಬರು ಕುರ್ಚಿ ಹಾಕಿ ಕೂತರು. ಎಷ್ಟು ವಾಹನ, ಎಷ್ಟು ಜನ ಎಂದು ಎಣಿಸುವವರು. ಎಣಿಕೆ ಹೆಚ್ಚಿದ್ದಲ್ಲಿಗೆ ರಸ್ತೆ ಮೊದಲು, ಬಸ್ಸು ಮೊದಲು. ಸುದ್ದಿ ಸಿಕ್ಕಿದ ಕೂಡಲೇ ಕಾರ್ಕಳದಿಂದ ಅತ್ತಿಗೆ ಹಾಜರ್, ಅವರ ಪಕ್ಕ ಮೂರನೆಯ ಕುರ್ಚಿ! ನಾನು ಎಲ್ಲರಿಗೂ ಚಹಾ ತೆಗೆದುಕೊಂಡು ಹೋದೆ. ಪಡುಬಿದ್ರಿ ಕಡೆಯ ಮೀನಿನ ಟೆಂಪೊ ಹೋಯಿತು, ಗೀಟು ಎಳೆದರು. ಅದೇ ಟೆಂಪೊ ತಿರುಗಿ ಬಂತು, ಮತ್ತೊಂದು ಗೀಟು. ಧೈರ್ಯ ಮಾಡಿ ಕೇಳಿದೆ.

“ನನ್ನನ್ನು ಬರ್ದಿದ್ದೀರಾ?”

“ನೀವು ಎಲ್ಲಿಗೆ ಹೋಗುದಮ್ಮ?”

“ಎಲ್ಲಿಗೂ ಇಲ್ಲ. ಸಂಜೆ ತಿರುಗಿ ಬರ್ಲಿಕ್ಕೆ ಬಸ್ಸಿಲ್ಲ.”

“ಹಾಗಾದ್ರೆ ಲೆಕ್ಕಕ್ಕೆ ಬರುದಿಲ್ಲ.”

ಅತ್ತಿಗೆ ಹೋ ಎಂದು ನಕ್ಕರು. “ಬಸ್ಸಿಲ್ಲ, ಹಾಗಾಗಿ ಇವಳು ಹೋಗುದಿಲ್ಲ. ಇವಳು ಹೋಗುದಿಲ್ಲ, ಹಾಗಾಗಿ ಬಸ್ಸಿಲ್ಲ! ಎಂಥ ಚಂದ ಉಂಟು ನೋಡು! ಹೋಗುವವರಿಗೆ ಕಾಲಂ ಉಂಟು, ಹೋಗದವರಿಗೆ ಇಲ್ಲ.”

ನನಗೆ ಚಂದ ಕಾಣಲಿಲ್ಲ. ಟೆಂಪೊದ ಬಂಗುಡೆ ಮೀನು ಎರಡು ಸಲ ಲೆಕ್ಕಕ್ಕೆ, ನಾನು ಒಂದು ಸಲವೂ ಇಲ್ಲ! ಆ ದಿನ ಬಂಗುಡೆಯ ಮೇಲೂ ಹೊಟ್ಟೆಕಿಚ್ಚಾಯಿತು. ಅತ್ತಿಗೆಯ ಆ ನಗು ಮಾತ್ರ ಕಿವಿಯಲ್ಲೇ ಉಳಿಯಿತು.

ಮರುದಿನವೇ ಆರೂ ನಲವತ್ತರ ಫೋನು ಶುರು. ‘ನಿನ್ನೆ ಎಲ್ಲಿಗಾದ್ರೂ ಹೋಗ್ಲಿಕ್ಕೆ ಇತ್ತಾ?’ ಊರೆಲ್ಲ ತಿರುಗುವವರು, ಮನೆಯಲ್ಲಿ ಕೂತವಳನ್ನು ದಿನಾ ಕೇಳುವ ಪ್ರಶ್ನೆಯಾ ಇದು? ಶುಕ್ರವಾರವಂತೂ ವಿಶೇಷ. ‘ನಿನ್ನೆ ಗುರುವಾರ ಅಲ್ವಾ? ಕ್ವಾಯರ್?’ ‘ನನಗೆ ಆಸಕ್ತಿ ಹೋಗಿದೆ ಅತ್ತಿಗೆ’ ಎನ್ನುತ್ತಿದ್ದೆ. ಆಚೆಯಿಂದ ಪೆನ್ಸಿಲ್ ಕೆರೆಯುವ ಸದ್ದು.

ಇನ್ನು ಈ ಗುರುವಾರಕ್ಕೆ ಬರುತ್ತೇನೆ. ಒಂಬತ್ತಕ್ಕೆ ಸರಿಯಾಗಿ ಓಮ್ನಿ ಬಂತು. ಕಿಟಕಿಯ ಪರದೆಯನ್ನು ಎರಡು ಬೆರಳಿನಷ್ಟು ಸರಿಸಿ ನೋಡಿದೆ. ಪಕ್ಕದ ಮನೆಯ ಟೈಲರಮ್ಮ ಅಂಚಿಗೆ ಹೊಸ ಕಸೂತಿ ಮಾಡಿದ ಬುರ್ಖಾ ಹಾಕಿ, ಮದುವೆಗೆ ಹೊರಟವರ ಹಾಗೆ ಮುಂದಿನ ಸೀಟಿನಲ್ಲಿ ಕೂತರು. ಬ್ಯಾರಿ ಕುಟುಂಬದವರು, ಗಂಡ ಗಲ್ಫಿನಲ್ಲಿ, ಇಲ್ಲಿಗೆ ಬಂದು ಎರಡು ವರ್ಷ. ಅತ್ತಿಗೆಯ ಕಂಕುಳಲ್ಲಿ ಖಾಕಿ ರಟ್ಟಿನ ದಪ್ಪ ಪುಸ್ತಕ. ಅವರು ಒಮ್ಮೆ ನಮ್ಮ ಕಿಟಕಿಯ ಕಡೆ ನೋಡಿದರು. ಪರದೆ ಬಿಟ್ಟುಬಿಟ್ಟೆ. ಓಮ್ನಿಯೊಳಗೆ ಯಾರೋ ಏನೋ ಹೇಳಿ ಎಲ್ಲ ನಕ್ಕರು. ಆ ಮುಂದಿನ ಸೀಟು ನನ್ನದಾಗಬೇಕಿತ್ತು! ಬೇಡ ಎಂದವಳು ನಾನೇ, ಉರಿದವಳೂ ನಾನೇ. ಆ ಉರಿಯಲ್ಲೇ ಮನೆಯ ಪಾತ್ರೆಗಳನ್ನೆಲ್ಲ ತಿಕ್ಕಿದೆ, ತೊಳೆದದ್ದನ್ನೂ ಸೇರಿಸಿ.

ಸಂಜೆ ಆರೂವರೆ. ಅಭ್ಯಾಸದಲ್ಲಿ ಈಗ ಎರಡನೆಯ ಹಾಡು ನಡೆಯುತ್ತಿರಬೇಕು ಎಂದುಕೊಂಡು ಜಗಲಿಯಲ್ಲಿ ಬಸಳೆ ಬಿಡಿಸುತ್ತಿದ್ದೆ. ಟೈಲರಮ್ಮ ಕರಿಬೇವಿಗೆಂದು ಗೇಟು ತೆಗೆದು ಬಂದರು.

“ಆಯ್ತಲ್ಲ ಮಾರಾಯ್ತಿ! ಬರುವ ತಿಂಗಳಿಂದ ಬಸ್ಸು ಬಿಡ್ತಾರಂತೆ, ಸರ್ಕಾರಿದ್ದು. ಮೂರು ತಿಂಗಳು ಪರೀಕ್ಷೆಗೆ. ಜನ ಹತ್ತಿದ್ರೆ ಉಂಟು, ಇಲ್ದಿದ್ರೆ ಇಲ್ಲ. ಸಂಜೆ ಏಳೂ ಕಾಲಿಗೆ ಕಾಪುವಿನಿಂದ.”

ನನ್ನ ಕೈ ನಿಂತಿತು. “ಏಳೂ ಕಾಲಿಗಾ?”

“ಸಭೆಯಲ್ಲಿ ಸಾಹೇಬರು ಆರಕ್ಕೆ ಕೊಡ್ತೇವೆ ಅಂದ್ರು. ನಮಗೆಲ್ಲ ಆರು ಧಾರಾಳ ಆಗ್ತಿತ್ತು. ನಿಮ್ಮ ಅತ್ತಿಗೆ ಒಪ್ಪಲೇ ಇಲ್ಲ! ಆ ದೊಡ್ಡ ಪುಸ್ತಕ ಮೇಜಿನ ಮೇಲೆ ಬಿಡಿಸಿ ಇಟ್ರು. ಯಾರು ಯಾವತ್ತು ಎಲ್ಲಿಗೆ ಹೋಗ್ಲಿಕ್ಕೆ ಆಗ್ಲಿಲ್ಲ, ಎಲ್ಲ ಉಂಟು ಅದ್ರಲ್ಲಿ. ನಂದೂ ಉಂಟು, ಲೈನಿಂಗ್ ಬಟ್ಟೆ ತರ್ಲಿಕ್ಕೆ ಉಡುಪಿ ಪೇಟೆಗೆ ಹೋಗ್ಲಿಕ್ಕೆ ಆಗ್ದೇ ಇದ್ದದ್ದು. ನಂಗೂ ವಾರಕ್ಕೊಮ್ಮೆ ಫೋನ್ ಮಾಡಿ ಕೇಳ್ತಿದ್ರಲ್ಲ.”

“ನಿಮಗೂ ಮಾಡ್ತಿದ್ರಾ?” ಎಂದೆ. ಇಷ್ಟು ದಿನ ಬೇಡವಾಗಿದ್ದ ಫೋನಿನ ಮೇಲೂ ಒಂದು ಕ್ಷಣ ಹೊಟ್ಟೆಕಿಚ್ಚು!

“ನಿಮ್ಮಷ್ಟು ಇಲ್ಲ. ನಿಮ್ಮ ಹೆಸ್ರು ಒಂದು ಗುರುವಾರವೂ ಬಿಟ್ಟಿಲ್ಲ ಮಾರಾಯ್ತಿ. ನೀವು ‘ಆಸಕ್ತಿ ಇಲ್ಲ’ ಅಂದದ್ದನ್ನೂ ಬರ್ದಿದ್ದಾರೆ. ಅದ್ರ ಪಕ್ಕ ಕೆಂಪು ಶಾಯಿಯಲ್ಲಿ ‘ಸುಳ್ಳು’ ಅಂತ!” ಟೈಲರಮ್ಮ ಬಾಯಿಗೆ ಕೈ ಹಿಡಿದು ನಕ್ಕರು. “ಸಾಹೇಬರು ಕೇಳಿದ್ರು, ಈ ಹೆಂಗಸಿಗೆ ಪ್ರತಿ ಗುರುವಾರ ಎಲ್ಲಿಗೆ ಹೋಗ್ಲಿಕ್ಕೆ ಅಂತ. ‘ಹಾಡ್ಲಿಕ್ಕೆ’ ಅಂದ್ರು ನಿಮ್ಮ ಅತ್ತಿಗೆ. ಆಮೇಲೆ ಆರು ಗಂಟೆಯ ಸುದ್ದಿ ಯಾರೂ ಎತ್ಲಿಲ್ಲ.”

ಬಸಳೆಯ ದಂಟು ನನ್ನ ಕೈಯಲ್ಲೇ ಇತ್ತು. ಎಲೆ ಯಾವುದು, ದಂಟು ಯಾವುದು ಸರಿಯಾಗಿ ಕಾಣುತ್ತಿರಲಿಲ್ಲ.

“ಅತ್ತಿಗೆ ಎಲ್ಲಿ ಈಗ?”

“ನಮ್ಮನ್ನು ಓಮ್ನಿಯಲ್ಲಿ ಕಳಿಸಿ ಅವರು ಅಲ್ಲೇ ಉಳಿದ್ರು. ಕಾರ್ಕಳಕ್ಕೆ ಸರ್ಕಾರಿ ಬಸ್ಸೇ ಬೇಕಂತೆ. ಇನ್ನೂ ಸ್ಟ್ಯಾಂಡಿನಲ್ಲಿ ಫ್ಲಾಸ್ಕ್ ಹಿಡ್ಕೊಂಡು ಕೂತಿರ್ಬೇಕು.”

ಕರಿಬೇವಿನ ಎರಡು ಗೆಲ್ಲು ಮುರಿದುಕೊಂಡು ಅವರು ಗೇಟಿನವರೆಗೆ ಹೋದರು. ಚಿಲಕಕ್ಕೆ ಕೈ ಇಟ್ಟವರು ಏನೋ ನೆನಪಾದಂತೆ ತಿರುಗಿದರು.

“ಅಲ್ಲ, ನೀವು ಹಾಡ್ತೀರಾ? ಎರಡು ವರ್ಷ ಆಯ್ತು ಪಕ್ಕದಲ್ಲಿ, ಒಂದು ಸಲವೂ ಕೇಳ್ಲಿಲ್ಲ ಮಾರಾಯ್ತಿ.”