ಕೂಗಲು ಬಾರದ ಹೆಸರು

ನನ್ನ ಸೋದರಮಾವನ ಪ್ರಕಾರ ನನ್ನ ಮಗಳಿಗೆ ಇನ್ನೂ ಹೆಸರೇ ಇಟ್ಟಿಲ್ಲ!

ಮಗಳು ಆಗಲೇ ಒಂದನೇ ತರಗತಿಯಲ್ಲಿದ್ದಾಳೆ. ಜನನ ಪತ್ರದಲ್ಲಿ ಹೆಸರಿದೆ, ಆಧಾರ್ ಕಾರ್ಡಿನಲ್ಲಿದೆ, ಶಾಲೆಯ ನೀರಿನ ಬಾಟಲಿಯ ಮೇಲಿದೆ. ನಮ್ಮ ಮನೆಯ ಹೊಸ ಗೋಡೆಯ ಮೇಲೆ ಅವಳೇ ಕೆಂಪು ಕ್ರೇಯಾನಿನಲ್ಲಿ ದಪ್ಪಗೆ ಬರೆದದ್ದೂ ಇದೆ. ಸರ್ಕಾರ ಒಪ್ಪಿಕೊಂಡ ಹೆಸರನ್ನು ಇವರು ಒಪ್ಪುವುದಿಲ್ಲ. "ಅದು ಬರೆಯೋಕೆ ಇಟ್ಟಿದ್ದು ಮಾರಾಯ್ತಿ. ಕರೆಯೋಕೆ ಎಂತ ಇಟ್ಟಿದೀಯ?" ಎಂದು ಹೋದಾಗಲೆಲ್ಲ ಕೇಳುತ್ತಾರೆ. ಸಿಟ್ಟು ಬರುತ್ತದೋ ಇಲ್ಲವೋ ನೀವೇ ಹೇಳಿ!

ಹೆಸರು ಸ್ನಿಗ್ಧಾ. ಎಷ್ಟು ಚಂದದ ಹೆಸರು! ಮೃದು, ಕೋಮಲ, ಪ್ರೀತಿ ತುಂಬಿದವಳು ಎಂದೆಲ್ಲ ಅರ್ಥ. ಆದರೆ ನಮ್ಮ ಮಾವನಿಗೆ ಅರ್ಥ ಕಟ್ಟಿಕೊಂಡು ಏನಾಗಬೇಕು? ಅವರು ಸಾಗರದ ಖಾಸಗಿ ಬಸ್ ನಿಲ್ದಾಣದಲ್ಲಿ ಏಜೆಂಟರು. ಬಸ್ಸು ಬಂದು ನಿಂತೊಡನೆ ಅದು ಹೋಗುವ ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸುವುದು ಅವರ ಕೆಲಸ. ಯೌವನದಿಂದಲೂ ಅದೇ ನಿಲ್ದಾಣ, ಅದೇ ಕಂಬ, ಅದೇ ಕೂಗು. ಒಮ್ಮೆ ಬಸ್ಸಿನ ಮಾಲೀಕರೊಬ್ಬರು ಪಾಪ ವಯಸ್ಸಾಯಿತೆಂದು ಕೈಗೊಂದು ಮೈಕು ಕೊಡಲು ಹೋದರಂತೆ. "ನಂಗೆ ಮೈಕಾ? ನಿಮ್ಮ ಬಸ್ಸಿನ ಹಾರನ್ನಿಗೆ ಕಟ್ಟಿ, ಅದಕ್ಕೇ ದನಿ ಇಲ್ಲ" ಎಂದು ವಾಪಸ್ ಕಳಿಸಿದರಂತೆ.

ಹೀಗೆ ಊರುಗಳ ಹೆಸರು ಕೂಗಿ ಕೂಗಿ ಅವರಿಗೊಂದು ಸಿದ್ಧಾಂತವೇ ಹುಟ್ಟಿಬಿಟ್ಟಿದೆ. ಹೆಸರಿಗೆ ಬಾಲ ಇರಬೇಕು. ಹಿಡಿದು ಎಳೆದರೆ ಉದ್ದ ಬರಬೇಕು. ಅವರ ದೃಷ್ಟಿಯಲ್ಲಿ ತೀರ್ಥಹಳ್ಳಿ ಉತ್ತಮ ಜಾತಿಯ ಹೆಸರು. "ತೀ... ಅಂತ ಒಂದ್ಸಲ ಎಳೆದು ಬಿಟ್ರೆ ಸಾಕು, ಹಳ್ಳಿ ತಾನಾಗೇ ಹಿಂದೆ ಬರತ್ತೆ" ಎನ್ನುತ್ತಾರೆ. ಹುಲಿಕಲ್ ಎಂದರೆ ಮುಖ ಸಿಂಡರಿಸುತ್ತಾರೆ. ಕೊನೆಯಲ್ಲಿ ಬಾಯಿ ಮುಚ್ಚಿಕೊಳ್ಳುವ ಹೆಸರಂತೆ ಅದು, ಯಾರೋ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ಆಗುತ್ತದಂತೆ. ಅದಕ್ಕೇ ಅವರು ಅದನ್ನು 'ಹುಲಿಕಲ್ಲೂ...' ಎಂದು ತಿದ್ದಿಕೊಂಡಿದ್ದಾರೆ. ಇನ್ನು ಹೊಸನಗರ! "ಐದು ಅಕ್ಷರ, ಒಂದಕ್ಕಾದ್ರೂ ದೀರ್ಘ ಇದ್ಯನೇ? ಯಾವ ಪುಣ್ಯಾತ್ಮ ಇಟ್ನೋ" ಎಂದು ನನ್ನ ಮುಖಕ್ಕೇ ಹೇಳುತ್ತಾರೆ. ಹೊಸನಗರ ನನ್ನ ತವರು ಸ್ವಾಮಿ! ಅದನ್ನೂ ಅವರು 'ಹೊಸ್ನಗ್ರಾ...' ಮಾಡಿ ಆಗಿದೆ. ಊರಿನ ಹೆಸರು ತಿದ್ದುವ ಅಧಿಕಾರ ಇವರಿಗೆ ಯಾರು ಕೊಟ್ಟರು?

ಊರಿಗಷ್ಟೇ ನಿಂತಿದ್ದರೆ ಸುಮ್ಮನಿರಬಹುದಿತ್ತು. ನಮ್ಮ ನೆಂಟರಿಷ್ಟರಲ್ಲಿ ಯಾರಿಗೆ ಮಗು ಹುಟ್ಟಿದರೂ ಹೆಸರು ಇವರ ಪರೀಕ್ಷೆಗೆ ಹೋಗಬೇಕು. ಸಂಜೆಯ ಗದ್ದಲದಲ್ಲಿ, ನಾಲ್ಕಾರು ಬಸ್ಸುಗಳು ಒಟ್ಟಿಗೆ ಗುರುಗುಟ್ಟುವಾಗ, ಇವರು ಕಂಬದ ಪಕ್ಕ ನಿಂತು ಆ ಹೆಸರನ್ನು ಕೂಗುತ್ತಾರೆ. ನಿಲ್ದಾಣದ ಆ ತುದಿಯಲ್ಲಿ ಹೂ ಮಾರುವ ಹೆಂಗಸು ತಲೆ ಎತ್ತಿ ನೋಡಿದರೆ ಹೆಸರು ಪಾಸು. ನೋಡದಿದ್ದರೆ ಬೇರೆ ಹುಡುಕಬೇಕು. ಜಾತಕ ನೋಡಿ ಭಟ್ಟರು ಹೇಳಿದ ಅಕ್ಷರ, ಮನೆದೇವರು, ಸತ್ತುಹೋದ ಅಜ್ಜಿಯ ಆಸೆ, ಎಲ್ಲವೂ ಆ ಹೂ ಮಾರುವವಳ ಕತ್ತಿನ ಮೇಲೆ ನಿಂತಿರುತ್ತದೆ!

ನನ್ನ ಹೆಸರು ಮಾಲತಿ. ಇವರೇ ಇಟ್ಟದ್ದು, ಮೊದಲ ಕೂಗಿಗೇ ಪಾಸಾದದ್ದು. ಅದರ ಫಲವನ್ನು ನಾನು ಕಾಲೇಜಿನ ದಿನಗಳಲ್ಲಿ ಉಂಡೆ. ಹೊಸನಗರದಿಂದ ಸಾಗರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸಂಜೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಾವ ಮೊದಲೇ ಹತ್ತಿ, ಕಿಟಕಿಯ ಪಕ್ಕದ ಸೀಟಿನ ಮೇಲೆ ತಮ್ಮ ಟವೆಲು ಹಾಸಿ ಇಳಿದಿರುತ್ತಿದ್ದರು. ಒಳ್ಳೆಯದೇ. ಆದರೆ ನಾನು ದೂರದ ತಿರುವಿನಲ್ಲಿ ಕಂಡೊಡನೆ ಶುರು: "ಮಾ...ಲತೀ! ಸೀಟ್ ಹಿಡ್ದಿದೀನಿ ಬಾರೇ!" ಇಡೀ ನಿಲ್ದಾಣ ತಿರುಗಿ ನನ್ನನ್ನು ನೋಡುತ್ತಿತ್ತು. ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಡೆದರೆ ಇನ್ನೂ ಜೋರಾಗಿ, "ಮಾ...ಲತೀ! ಕೇಳಲಿಲ್ಲನೇ?"

ಪರೀಕ್ಷೆಯ ದಿನವೊಂದರಂದು ತಿರುವಿನಲ್ಲಿದ್ದವಳಿಗೆ ಕಂಬದಿಂದಲೇ ಕೇಳಿದರು, "ಮಾ...ಲತೀ! ಅಕೌಂಟ್ಸ್ ಸುಲಭ ಇತ್ತನೇ?" ನಾನು ಬಾಯಿ ಬಿಡುವ ಮೊದಲೇ ನನ್ನ ಹಿಂದೆ ಬರುತ್ತಿದ್ದ ಹುಡುಗರೆಲ್ಲ ಒಟ್ಟಾಗಿ, "ಕಷ್ಟ ಇತ್ತು ಮಾವಾ!" ಎಂದು ಕೂಗಿದರು. ಅಂದಿನಿಂದ ಕಾಲೇಜಿನಲ್ಲಿ ನಾನು ಬರೀ ಮಾಲತಿಯಾಗಿ ಉಳಿಯಲಿಲ್ಲ. ವರಾಂಡದಲ್ಲಿ ಕಾಣಿಸಿಕೊಂಡರೆ ಸಾಕು, ಯಾವನೋ ಒಬ್ಬ 'ಮಾ...' ಎನ್ನುತ್ತಿದ್ದ, ಆ ಕಡೆಯಿಂದ ಇನ್ನೊಬ್ಬ 'ಲತೀ' ಎಂದು ಮುಗಿಸುತ್ತಿದ್ದ. ಆ ಮೂರು ವರ್ಷ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಆಗಲೇ ಶಪಥ ಮಾಡಿದೆ. ಮಗಳು ಹುಟ್ಟಿದರೆ ಭೂಮಿಯ ಮೇಲಿನ ಯಾವ ಬಸ್ ನಿಲ್ದಾಣದಲ್ಲೂ ಯಾರೂ ಕೂಗಲಾಗದಂಥ ಹೆಸರಿಡುತ್ತೇನೆ ಎಂದು.

ಮದುವೆಯಾಗಿ ತೀರ್ಥಹಳ್ಳಿಗೆ ಬಂದೆ. ಮಗಳು ಹುಟ್ಟಿದಳು. ಸ್ನಿಗ್ಧಾ ಎಂದೆ. ಮನೆಯಲ್ಲಿ ಅಭಿಪ್ರಾಯಗಳ ಸುರಿಮಳೆ! ನನ್ನ ಗಂಡನ ತಾಯಿ ಎರಡು ಸಲ ಹೇಳಿ ನೋಡಿ, "ಇದು ಹಲ್ಲಿದ್ದವರಿಗೆ ಮಾತ್ರ ಇಟ್ಟ ಹೆಸರು" ಎಂದರು. ಪಕ್ಕದ ಮನೆಯವರು ಯಾವ ಸೋಪಿನ ಹೆಸರು ಅದು ಎಂದರು. ನಾದಿನಿ ಯಾರೋ ಸಂಖ್ಯಾಶಾಸ್ತ್ರದವರನ್ನು ಕೇಳಿಕೊಂಡು ಬಂದು, ಇಂಗ್ಲಿಷಿನಲ್ಲಿ ಕೊನೆಗೆ ಇನ್ನೊಂದು 'ಎ' ಸೇರಿಸಿದರೆ ಮಗು ಡಾಕ್ಟರಾಗುತ್ತದೆ ಎಂದಳು. ನನ್ನ ಗಂಡ, "ಎರಡು ಸೇರಿಸಿದ್ರೆ ಸ್ಪೆಷಲಿಸ್ಟ್ ಆಗ್ತಾಳಾ?" ಎಂದು ಕೇಳಿ ಒಂದು ವಾರ ತಂಗಿಯ ಕೈಲಿ ಬೈಸಿಕೊಂಡರು. ಇನ್ನು ಬರೆಯುವವರ ಕೈಗೆ ಸಿಕ್ಕ ಮೇಲೆ ಕೇಳಬೇಕೆ! ಲಸಿಕೆ ಕಾರ್ಡಿನಲ್ಲಿ ಸ್ನಿಗ್ದ, ಅಂಗನವಾಡಿಯಲ್ಲಿ ಸಿನಿಗ್ಧ, ಹುಟ್ಟುಹಬ್ಬದ ಕೇಕಿನ ಮೇಲೆ ಸ್ನಿಗಿದಾ. ಆ ಧಕಾರದ ಹೊಟ್ಟೆ ಸೀಳಿಸಲು ನಾನು ಎಷ್ಟು ಕಡೆ ಜಗಳವಾಡಿದ್ದೇನೋ ಲೆಕ್ಕವಿಲ್ಲ. ಕೇಕಿನ ಅಂಗಡಿಯಲ್ಲಂತೂ ಅಳಿಸಿ ಬರೆಸುವಷ್ಟರಲ್ಲಿ ಅರ್ಧ ಕ್ರೀಮು ಚಾಕುವಿಗೇ ಹೋಗಿತ್ತು.

ಇವನ್ನೆಲ್ಲ ಸಹಿಸಿಕೊಂಡೆ. ಪರೀಕ್ಷೆಗೆ ಮಾತ್ರ ಹೆಸರು ಕಳಿಸುವುದಿಲ್ಲ ಎಂದು ನಾಮಕರಣಕ್ಕೆ ಮೊದಲೇ ಮಾವನಿಗೆ ಕಡ್ಡಿ ಮುರಿದ ಹಾಗೆ ಹೇಳಿದೆ. ಅವರು ಕೇಳುವ ಪೈಕಿಯೇ? ಮರುದಿನ ಸಂಜೆ ಅವರದೇ ಫೋನು.

"ಮೂರು ಸಲ ಕೂಗಿದೆ ಕಣೇ. ಹೂವಿನವಳು ಕತ್ತೆತ್ತಲಿಲ್ಲ."

"ನಿಮಗ್ಯಾರು ಕೂಗೋಕೆ ಹೇಳಿದ್ರು ಮಾವ?"

"ಮೊದಲ್ನೇ ಸಲಕ್ಕೆ ಡ್ರೈವರ್ ಇಳಿದು ಬಂದ, ಟಯರ್ ಗಾಳಿ ಹೋಯ್ತು ಅಂತ. ಎರಡನೇ ಸಲಕ್ಕೆ ಹಣ್ಣಿನಂಗಡಿಯವನು ಓಡಿ ಬಂದು ನೀರು ಕೊಟ್ಟ, ಗಂಟಲಲ್ಲಿ ಎಂತದೋ ಸಿಕ್ಕಿದೆ ಅಂತ. ಮೂರನೇದಕ್ಕೆ ನಂಗೇ ಸೀನು ಬಂತು. ಬೇಡ ಮಾರಾಯ್ತಿ, ಬದಲಾಯಿಸು."

ನಾನು ಫೋನು ಕುಕ್ಕಿದೆ. ಹೆಸರು ಬದಲಾಯಿಸಲಿಲ್ಲ.

ನಾಮಕರಣಕ್ಕೆ ಬಂದರು. ಬಂಗಾರದ ಸಣ್ಣ ಉಂಗುರ ತಂದಿದ್ದರು, ಮಗುವನ್ನು ಎತ್ತಿ ಮುದ್ದಾಡಿದರು, ಅದರ ಕಾಲನ್ನು ಕಣ್ಣಿಗೊತ್ತಿಕೊಂಡರು. ಹಿರಿಯರೆಲ್ಲ ಒಬ್ಬೊಬ್ಬರಾಗಿ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು. ಇವರ ಸರದಿ ಬಂದಾಗ ಎದ್ದು ನಿಂತು, ತುಂಬಿದ ಸಭೆಯಲ್ಲಿ, "ಪಿಸುಗುಟ್ಟೋದು ನಂಗೆ ಗೊತ್ತಿಲ್ಲ. ಕಿವೀಲಿ ಹೇಳೋ ಹೆಸರು ಹೆಸರೇ ಅಲ್ಲ" ಎಂದುಬಿಟ್ಟರು. ಭಟ್ಟರು ಕಕ್ಕಾಬಿಕ್ಕಿ. ನನ್ನ ಗಂಡನ ಮನೆಯವರ ಎದುರು ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಹಾಯಾಗಿ ಹೋಳಿಗೆ ಹಾಕಿಸಿಕೊಂಡು ಉಂಡರು.

ಆವತ್ತಿನಿಂದ ಮಗಳನ್ನು ಅವರು ಕರೆಯುವುದು 'ಕೂಸೇ' ಎಂದು. "ಕೂ... ಅಂತ ಇದ್ಯಲ್ಲ, ಬಾಲ ಮುಂದೇ ಇದೆ" ಎಂಬ ಸಮರ್ಥನೆ ಬೇರೆ! ಜಗತ್ತಿನ ಎಲ್ಲ ಹೆಣ್ಣುಮಕ್ಕಳೂ ಕೂಸುಗಳೇ. ನನ್ನ ಮಗಳಿಗೆ ಅವಳದೇ ಆದದ್ದೊಂದು ಬೇಡವೇ?

ಕಳೆದ ಬೇಸಿಗೆಯಲ್ಲಿ ಮಗಳು ಹೆಗ್ಗೋಡಿನ ಹತ್ತಿರ ಮಕ್ಕಳ ಶಿಬಿರಕ್ಕೆ ಹೋದಳು. ಕೊನೆಯ ದಿನ ಮಕ್ಕಳದೇ ನಾಟಕ. ಇವಳು ಅಳಿಲು. ಮಾವ ಬಸ್ಸುಗಳನ್ನು ಬಿಟ್ಟು ನಾಟಕಕ್ಕೆ ಬಂದು ಮುಂದಿನ ಸಾಲಿನಲ್ಲೇ ಕೂತರು. ನಾಟಕ ಮುಗಿದು ಮಕ್ಕಳೆಲ್ಲ ಸಾಲಾಗಿ ನಿಂತು ಕೈಮುಗಿದರೆ, ಇವರು ಎದ್ದು ನಿಂತು ನಿಲ್ದಾಣದ ದನಿಯಲ್ಲಿ, "ಕೂ...ಸೇ!" ಎಂದರು. ವೇದಿಕೆಯ ಮೇಲಿದ್ದ ಅಳಿಲು, ಮೊಲ, ನವಿಲು, ಎರಡು ಮರ, ಎಲ್ಲವೂ ಇವರ ಕಡೆ ತಿರುಗಿ ಕೈಬೀಸಿದವು. ಇವರು ನನ್ನ ಕಡೆ ತಿರುಗಿ, "ನೋಡ್ದ್ಯನೇ? ಒಂದೇ ಕೂಗಿಗೆ ಎಷ್ಟು ಜನ!" ಎಂದು ಮೀಸೆ ತಿರುವಿದರು.

ಮನೆಗೆ ಬರುವ ದಾರಿಯಲ್ಲಿ ಅಳಿಲು ಬಾಲವನ್ನೂ ಬಿಚ್ಚದೆ ನನ್ನ ಮಡಿಲಲ್ಲಿ ಕೂತು ಕೇಳಿತು, "ಅಮ್ಮಾ, ಅಜ್ಜ ಎಲ್ರನ್ನೂ ಕರೆದ್ರು. ನನ್ನ ಮಾತ್ರ ಯಾಕೆ ಕರೆಯಲ್ಲ? ನನ್ನ ಹೆಸರು ಅಷ್ಟು ಕೆಟ್ಟದಾ?"

ನನ್ನನ್ನು ಗೋಳು ಹುಯ್ದುಕೊಂಡದ್ದು ಸಾಲದೇ? ಮಗುವಿನ ಮನಸ್ಸನ್ನೂ ನೋಯಿಸಬೇಕೇ? ಫೋನು ಮಾಡಿ ಚೆನ್ನಾಗಿ ಝಾಡಿಸಿದೆ. "ಒಂದೇ ಒಂದು ಸಲ ಅವಳ ಹೆಸರು ಹೇಳಿ ಮಾವ. ನಿಮ್ಮ ಗಂಟೇನು ಹೋಗತ್ತೆ?" ಎಂದೆ. ಆ ಕಡೆಯಿಂದ ಒಂದು ಕೆಮ್ಮು. "ಬಾಯಿಗೆ ಬರಲ್ಲ ಕಣೇ. ಬರದೇ ಇದ್ದಿದ್ದನ್ನ ಹೆಂಗೆ ಹೇಳಲಿ?" ಎಂದರು. ದನಿ ಸ್ವಲ್ಪ ಒಡೆದ ಹಾಗಿತ್ತು. ನೆಗಡಿ ಇರಬೇಕು ಎಂದುಕೊಂಡು ಸಿಟ್ಟಿನಲ್ಲೇ ಫೋನು ಇಟ್ಟೆ.

ನೆಗಡಿಯಾಗಿರಲಿಲ್ಲ. ದೀಪಾವಳಿಯ ಹೊತ್ತಿಗೆ ಮಾವನ ಹೆಂಡತಿ, ನಮ್ಮ ಅತ್ತೆ, ಫೋನು ಮಾಡಿದರು. "ಗಂಟಲಲ್ಲಿ ಎಂತದೋ ಗಂಟು ಬೆಳೆದಿತ್ತು, ಶಿವಮೊಗ್ಗದಲ್ಲಿ ತೆಗೆಸ್ಕೊಂಡು ಬಂದಿದೀವಿ. ಜೀವಕ್ಕೆ ಹೆದರಿಕೆ ಇಲ್ಲ ಅಂದಿದಾರೆ. ಆದ್ರೆ ದನಿ ಹೋಯ್ತು ಮಾಲತಿ. ಬರೀ ಗಾಳಿ ಬರತ್ತೆ. ಇನ್ನು ಕೂಗಂಗಿಲ್ಲಂತೆ." ಆಪರೇಷನ್ನಿಗೆ ಮೊದಲೇ ನನಗೆ ಯಾಕೆ ಹೇಳಲಿಲ್ಲ ಎಂದು ಅವರ ಮೇಲೂ ರೇಗಿದೆ. ಮರುದಿನವೇ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಸಾಗರದ ನಿಲ್ದಾಣದಲ್ಲಿ ಇಳಿದೆವು. ಮದುವೆಯಾಗಿ ಮಗುವಾದ ಮೇಲೂ ನಾನು ಅಲ್ಲಿ ಇಳಿದರೆ ಅವರು ಹೆಸರು ಕೂಗದೆ ಬಿಟ್ಟವರಲ್ಲ. ಅಭ್ಯಾಸಬಲದಿಂದ ಸೆರಗು ಸರಿಮಾಡಿಕೊಂಡು, ನಾಚಿಕೆಪಡಲು ತಯಾರಾಗಿ ಒಂದು ಕ್ಷಣ ನಿಂತೆ. ಯಾರೂ ಕೂಗಲಿಲ್ಲ. ಬಸ್ಸುಗಳು ತಮ್ಮ ಪಾಡಿಗೆ ಹಾರನ್ ಹೊಡೆದು ಹೊರಡುತ್ತಿದ್ದವು. ಹೂ ಮಾರುವ ಹೆಂಗಸು ತಲೆ ತಗ್ಗಿಸಿ ಮಾಲೆ ಕಟ್ಟುತ್ತಿದ್ದಳು. ಅಷ್ಟು ಜನರ ನಡುವೆ ನಾನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಇದಕ್ಕಾಗಿ ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆ!

ಮಾವ ಜಗಲಿಯಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ನಮ್ಮನ್ನು ಕಂಡು ಎಂದಿನಂತೆ ಬಾಯಿ ತೆರೆದರು. ಬರೀ ಗಾಳಿ ಬಂತು. ತಾವೇ ನಕ್ಕು, ಕೈಸನ್ನೆ ಮಾಡಿ ಮಗಳನ್ನು ಹತ್ತಿರ ಕರೆದರು. ಅವಳು ಸ್ವಲ್ಪ ಹೆದರಿಕೊಂಡೇ ಹೋದಳು. ಮಡಿಲಲ್ಲಿ ಕೂರಿಸಿಕೊಂಡು, ಅವಳ ಕೂದಲು ಸರಿಸಿ, ಕಿವಿಗೆ ಬಾಯಿಟ್ಟು ಏನೋ ಹೇಳಿದರು. ಅವಳು ಕಚಗುಳಿಯಾಗಿ ಭುಜ ಕುಗ್ಗಿಸಿದಳು. ಆಮೇಲೆ ಕಣ್ಣರಳಿಸಿ ನನ್ನ ಕಡೆ ನೋಡಿದಳು.

"ಅಮ್ಮಾ! ಅಜ್ಜ ನನ್ನ ಹೆಸರು ಹೇಳಿದ್ರು!"

"ಸರಿಯಾಗಿ ಹೇಳಿದ್ರಾ?" ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಸರಿಯಾಗೇ ಹೇಳಿದ್ರು! ಇನ್ನೊಂದ್ಸಲ ಅಜ್ಜಾ!"

ಅವರು ಇನ್ನೊಂದು ಸಲ ಹೇಳಿದರು, ಮತ್ತೊಂದು ಸಲ ಹೇಳಿದರು. ನನಗೆ ಏನೂ ಕೇಳಿಸಲಿಲ್ಲ. ತಡೆಯಲಾಗದೆ, "ಇಷ್ಟು ವರ್ಷ ಬರದೇ ಇದ್ದಿದ್ದು ಈಗ ಹೇಗೆ ಬಂತು ಮಾವ?" ಎಂದೆ. ಅವರು ನನ್ನನ್ನೂ ಕೈಸನ್ನೆ ಮಾಡಿ ಕರೆದರು. ಅವರ ಕುರ್ಚಿಯ ಬಳಿ ನೆಲದ ಮೇಲೆ ಕೂತು ಕಿವಿ ಕೊಟ್ಟೆ.

"ಆಸ್ಪತ್ರೇಲಿ ಮಲ್ಕೊಂಡು ಒಂದೊಂದೇ ಹೆಸರು ಹೇಳಿ ನೋಡ್ದೆ ಕಣೇ. ತೀರ್ಥಹಳ್ಳಿ ಆಗಲ್ಲ. ಹೊಸನಗರ ಆಗಲ್ಲ. ಈ ಕೂಸಿಂದೊಂದೇ ಚಂದ ಬಂತು." ಅವರು ಉಸಿರು ತೆಗೆದುಕೊಂಡರು. "ದೂರದಲ್ಲಿದ್ದವ್ರಿಗೆ ಇಟ್ಟ ಹೆಸರಲ್ಲ ಅದು. ಮಡಿಲಲ್ಲಿ ಕೂತವ್ರಿಗೆ ಇಟ್ಟಿದ್ದು. ಹೆಸರು ಪಾಸು, ಹೋಗು."

ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ಬಾಯಿ ಅಗಲಿಸಿ 'ಮಾ' ಎಂದು ಎಳೆಯಲು ನೋಡಿದರು. ಎರಡು ಸಲ ನೋಡಿ ಕೈಬಿಟ್ಟರು. ಅವರ ಕಣ್ಣಲ್ಲಿ ನೀರಿತ್ತು.

"ನಿನ್ನ ಹೆಸರು ಮಾತ್ರ ಕರೆಯೋಕಾಗ್ತಿಲ್ಲ ನೋಡು."

ನನಗೂ ಅಳು ಬಂತು. ಕುರ್ಚಿಯ ಹಿಡಿಯ ಮೇಲೆ ಅವರ ಅದೇ ಟವೆಲು ಇತ್ತು, ಅದರಲ್ಲೇ ಮುಖ ಒರೆಸಿಕೊಂಡೆ.

"ಕರೆಯೋದು ಎಂತಕ್ಕೆ ಮಾವ?" ಎಂದೆ. "ಇಲ್ಲೇ ಇದೀನಲ್ಲ."